ನಟನ ಎತ್ತರ



ಕಂಪ್ಲಿಯ ಕಡೆಯ ಗ್ರಾಮಗಳಲ್ಲಿ ಸುಗ್ಗಿ ಮುಗಿದ ಮೇಲೆ ಆಡುವ ದೊಡ್ಡಾಟವನ್ನು ಕಂಡವರು ನಿಮ್ಮಲ್ಲಿ ಅನೇಕರಿರಬಹುದು. ಭಾಗವತರ ಪದ ಏರುತ್ತದೆ, ಮದ್ದಳೆಯ ಪೆಟ್ಟು ಬಿರುಸಾಗುತ್ತದೆ. ಇಬ್ಬರು ಹಿಡಿದ ತೆರೆಯ ಮೇಲಂಚಿನಲ್ಲಿ ಮೊದಲು ಕಿರೀಟದ ತುದಿಯಷ್ಟೇ ತೋರುತ್ತದೆ. ತೆರೆ ಸರಿಯಿತೆಂದರೆ ಎದೆಕಟ್ಟು ಭುಜಕೀರ್ತಿಗಳನ್ನು ಧರಿಸಿ ನಿಂತ ವೀರನು ಆಳಿನ ಅಳತೆಯನ್ನು ಮೀರಿ ಬೆಳೆದವನಂತೆ ಕಾಣುತ್ತಾನೆ. ಹಗಲು ನೇಗಿಲು ಹಿಡಿದವನೇ ಇವನೆಂಬುದು ಊರಿಗೆಲ್ಲ ತಿಳಿದಿದೆ. ಆ ಹೊತ್ತಿನಲ್ಲಿ ಅದು ಯಾರ ನೆನಪಿಗೂ ಬರುವುದಿಲ್ಲ. ನಮ್ಮ ರಂಗದ ಮೇಲೆ ಎತ್ತರವೆಂಬುದು ಹೀಗೆ ಕಟ್ಟಿಕೊಂಡು ಬಂದದ್ದು. ಬೆಳಗಾದೊಡನೆ ಪೆಟ್ಟಿಗೆಯಲ್ಲಿ ಮಡಿಸಿಡಬಹುದಾದದ್ದು.

ಹುಟ್ಟಿನಿಂದಲೇ ಬಂದ ಎತ್ತರವಾದರೆ ಹಾಗೆ ಮಡಿಸಿಡಲು ಬಾರದು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1939ರಲ್ಲಿ ಜನಿಸಿದ ರಿಚರ್ಡ್ ಕೀಲ್ ಎಂಬ ಚಲಚ್ಚಿತ್ರ ನಟನು 7 ಅಡಿ 2 ಅಂಗುಲ ಎತ್ತರವಿದ್ದನು. ದೇಹವನ್ನು ಬೆಳೆಯಿಸುವ ರಸವು ಮಿತಿಮೀರಿ ಸ್ರವಿಸುವ ಒಂದು ವ್ಯಾಧಿಯೇ ಅದಕ್ಕೆ ಕಾರಣ. ನಟನಾಗುವ ಮುನ್ನ ಆತನು ಸ್ಮಶಾನದಲ್ಲಿ ಸಮಾಧಿಯ ಜಾಗಗಳನ್ನು ಮಾರುವ ಕೆಲಸವನ್ನೂ ಮಾಡಿದ್ದನಂತೆ! ಬೆಳ್ಳಿತೆರೆಗೆ ಬಂದ ಮೇಲೆ ಅನ್ಯಗ್ರಹದ ಜೀವಿ, ಗುಹೆಯ ದೈತ್ಯ, ಖಳನ ಸೇವಕ ಮುಂತಾದ ಪಾತ್ರಗಳೇ ಬಹುವಾಗಿ ದೊರೆತವು. 1977ರಲ್ಲಿ ಜೇಮ್ಸ್ ಬಾಂಡನ ಚಿತ್ರವೊಂದರಲ್ಲಿ ಉಕ್ಕಿನ ಹಲ್ಲುಗಳ ಘಾತುಕನಾಗಿ ಲೋಕಪ್ರಸಿದ್ಧನಾದನು. ಆ ಚಿತ್ರದಲ್ಲಿ ಆತನಿಗೆ ಒಂದು ಮಾತೂ ಇಲ್ಲ. ಬಾಯಲ್ಲಿಟ್ಟ ಲೋಹದ ಹಲ್ಲುಗಳ ನೋವನ್ನು ಕೆಲವು ನಿಮಿಷಗಳಿಗಿಂತ ಹೆಚ್ಚು ಸಹಿಸಲು ಆಗುತ್ತಿರಲಿಲ್ಲ. ಆದರೂ ಆ ಪಾತ್ರಕ್ಕೆ ಮನುಷ್ಯಸಹಜವಾದ ಹಟ, ಪೇಚಾಟಗಳಿರಬೇಕೆಂದು ನಿರ್ಮಾಪಕರ ಮುಂದೆ ವಾದಿಸಿದವನು ಆತನೇ. 1979ರ ಮುಂದಿನ ಚಿತ್ರದಲ್ಲಿ ಆ ಘಾತುಕನು ಪ್ರೇಮಿಯಾಗಿ ಕೊನೆಗೆ ಒಂದೇ ಒಂದು ವಾಕ್ಯವನ್ನಾಡುತ್ತಾನೆ. 2014ರಲ್ಲಿ ತೀರಿಕೊಂಡ ಈ ನಟನ ಬಾಳೆಲ್ಲ, ನನಗೆ ತೋರುವಂತೆ, ತನ್ನ ಎತ್ತರದಿಂದ ಇಳಿದು ನೋಡುವವರ ಸಮಕ್ಕೆ ನಿಲ್ಲುವ ಯತ್ನವಾಗಿತ್ತು.

ವೇಷದ ಎತ್ತರವನ್ನು ತಾನಾಗಿಯೇ ಕಳಚಿಟ್ಟು ಇಳಿದು ಬಂದ ನಟರೊಬ್ಬರು ನಮ್ಮ ಸೀಮೆಯಲ್ಲಿಯೇ ಇದ್ದರು. ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಅವರ ವಿಷಯವನ್ನು. ತಾಡಪತ್ರಿಯಲ್ಲಿ 1880ರಲ್ಲಿ ಜನಿಸಿ, ಬಳ್ಳಾರಿಯಲ್ಲಿ ವಕೀಲಿ ವೃತ್ತಿಯನ್ನು ನಡೆಯಿಸಿ, ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ಬಳ್ಳಾರಿ ರಾಘವಾಚಾರ್ಯರು ಅವರು.

ಆ ಕಾಲದ ಬಳ್ಳಾರಿ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಅದರ ಮಧ್ಯದಲ್ಲಿ ಸೊಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಪಟ್ಟಣದಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಬಾಳುತ್ತಿದ್ದವು. ನಾಟಕದ ಸಭೆಗಳು ಎರಡು: ರಾಘವಾಚಾರ್ಯರ ಸೋದರಮಾವಂದಿರಾದ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸವಿನೋದಿನಿ ಒಂದು, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಮತ್ತೊಂದು. ಮುಖ್ಯಸ್ಥರಿಬ್ಬರೂ ವಕೀಲರು. ಇಬ್ಬರೊಳಗೂ ಸ್ಪರ್ಧೆ. ಆ ಸ್ಪರ್ಧೆಯಿಂದ ಊರಿಗೆ ಲಾಭವೇ ಆಯಿತೆನ್ನಬೇಕು.

ಕೋಲಾಚಲಂ ರಾಯರು 1565ರ ವಿಜಯನಗರದ ಪತನವನ್ನು ವಸ್ತುವಾಗಿಟ್ಟುಕೊಂಡು ರಾಮರಾಜನ ಚರಿತ್ರೆಯನ್ನು ನಾಟಕವಾಗಿ ಬರೆದರು. ಹೊಸಪೇಟೆಯ ನಿಲ್ದಾಣದಲ್ಲಿಳಿದು ಹಂಪೆಯ ಹಾಳುಬೀದಿಗಳಲ್ಲಿ ನಡೆದು ಬಂದವನಿಗೆ ಆ ಕಥೆ ಪುಸ್ತಕದ ಕಥೆಯಾಗಿ ಉಳಿಯದು. ಅಂತಹ ನಾಟಕದಲ್ಲಿ ರಾಘವಾಚಾರ್ಯರು ವಹಿಸಿ ಹೆಸರು ಪಡೆದದ್ದು ಶತ್ರುಪಕ್ಷದವನಾದ ಪಠಾಣ ರುಸ್ತುಮನ ಪಾತ್ರವನ್ನು. ಕಳೆದುಕೊಂಡ ಜನರ ಎದುರಿಗೆ ಗೆದ್ದವರ ಕಡೆಯವನಾಗಿ ನಿಂತು ಮೆಚ್ಚಿಕೆ ಗಳಿಸುವುದು ಸಾಮಾನ್ಯವಾದ ಸಾಹಸವಲ್ಲ. ಅವರು ಹಿರಣ್ಯಕಶಿಪುವಾಗಿಯೂ ಪ್ರಖ್ಯಾತರು. ಹಂಪೆಯಲ್ಲಿ 1528ರಲ್ಲಿ ಕಡೆದ ಉಗ್ರನರಸಿಂಹನು ಸುಮಾರು 22 ಅಡಿ ಎತ್ತರಕ್ಕೆ ಕುಳಿತಿದ್ದಾನೆ. ಆತನಿಗೆ ಸರಿಜೋಡಿಯಾದ ಹಿರಣ್ಯಕನು ಬಳ್ಳಾರಿಯ ರಂಗದ ಮೇಲಿದ್ದನೆಂದು ಹಾಸ್ಯಕ್ಕೆ ಹೇಳಬಹುದು.

ನಟರು ಪದ್ಯವೊಂದನ್ನು ರಾಗಮಾಲಿಕೆಯಾಗಿ ಹಿಗ್ಗಿಸಿ, ಸಭೆಯವರು ಮತ್ತೊಮ್ಮೆ ಎಂದು ಕೂಗಿದರೆ ಸತ್ತ ಪಾತ್ರವೂ ಎದ್ದು ಹಾಡುತ್ತಿದ್ದ ಕಾಲವದು. ರಾಘವಾಚಾರ್ಯರು ಸಂಗೀತವನ್ನು ಹಿಂದಕ್ಕೆ ಸರಿಸಿ, ಮಾತನ್ನೂ ಮೌನವನ್ನೂ ನಂಬಿದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಸಾಧಿಸಿದರು. ಅದಕ್ಕಾಗಿ ಬಂದ ನಿಂದೆಯನ್ನು ನುಂಗಿಕೊಂಡರು. ನಾಟಕದಿಂದ ಹೊಟ್ಟೆ ಹೊರೆಯಬೇಕಾದ ಅಗತ್ಯ ಅವರಿಗಿರಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಹಗಲಿನ ನ್ಯಾಯಸ್ಥಾನವು ಅವರಿಗೆ ಆ ಸ್ವಾತಂತ್ರ್ಯವನ್ನು ಕೊಟ್ಟಿತು; ಕಂಪನಿಯ ನಟನಿಗೆ ಅದು ಎಲ್ಲಿಂದ ಬರಬೇಕು?

ವಾಕ್ಚಿತ್ರವು ಅವರನ್ನು ಕರೆದದ್ದು ಬಹಳ ತಡವಾಗಿ. 1936ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ‘ದ್ರೌಪದೀ ಮಾನಸಂರಕ್ಷಣಂ’ ಎಂಬ ತೆಲುಗು ಚಿತ್ರದಲ್ಲಿ ದುರ್ಯೋಧನನಾದರು. ಅದೇ ವರ್ಷ ಅದೇ ಕಥೆಯ ಮತ್ತೊಂದು ಚಿತ್ರವೂ ಹೊರಟು ಪೈಪೋಟಿಯಲ್ಲಿ ಗೆದ್ದಿತು, ಇವರದು ಸೋತಿತು. ಕಾರಣಗಳು ಹಲವಿರಬಹುದು. ಒಂದನ್ನು ನಾನು ಊಹಿಸುತ್ತೇನೆ. ರಂಗದ ಮೇಲಿನ ದುರ್ಯೋಧನನನ್ನು ಹಿಂದಿನ ಸಾಲಿನವನೂ ಅಡಿಯಿಂದ ಮುಡಿಯವರೆಗೆ ಕಾಣುತ್ತಾನೆ. ನಡಿಗೆಯಲ್ಲಿಯೇ ಅರ್ಧ ಅಭಿನಯ. ಛಾಯಾಯಂತ್ರವಾದರೋ ಅದೇ ದೇಹವನ್ನು ಒಮ್ಮೆ ಎದೆಗೆ, ಒಮ್ಮೆ ಕೊರಳಿಗೆ ಕತ್ತರಿಸಿ ತೋರಿಸುತ್ತದೆ. ಯಂತ್ರವನ್ನು ನೆಲಕ್ಕೆ ತಗ್ಗಿಸಿಟ್ಟರೆ ಕುಳ್ಳನೂ ಭೀಮಕಾಯನಾಗುತ್ತಾನೆ. ನಟನು ಮೂವತ್ತು ವರ್ಷ ಸಾಧಿಸಿದ ಎತ್ತರವನ್ನು ಮರದ ಮುಕ್ಕಾಲಿಯೊಂದು ಕ್ಷಣದಲ್ಲಿ ಕೊಡುತ್ತದೆ, ಕಸಿದುಕೊಳ್ಳುತ್ತದೆ.

ಅವರು ನಟಿಸಿದ ಚಿತ್ರಗಳು ಮೂರೇ. ಕೊನೆಯದು 1940ರ ‘ಚಂಡಿಕಾ’. ನಡುವಿನದು ಗೂಡವಲ್ಲಿ ರಾಮಬ್ರಹ್ಮಂ ಅವರು 1939ರಲ್ಲಿ ತೆಗೆದ ‘ರೈತುಬಿಡ್ಡ’. ಜಮೀನುದಾರಿಯ ದಬ್ಬಾಳಿಕೆಯನ್ನು ನೇರವಾಗಿ ಎತ್ತಿ ತೋರಿಸಿ ಜಮೀನುದಾರರ ಕೋಪಕ್ಕೆ ಗುರಿಯಾದ ಚಿತ್ರವದು. ಅದರಲ್ಲಿ ರಾವ್ ಬಹದ್ದೂರ್ ರಾಘವಾಚಾರ್ಯರು ನರಸಿರೆಡ್ಡಿಯೆಂಬ ಸಣ್ಣ ಹಿಡುವಳಿಯ ರೈತ. ಕಿರೀಟವಿಲ್ಲ, ಗದೆಯಿಲ್ಲ, ಸಿಂಹಾಸನದ ಮೆಟ್ಟಿಲುಗಳಿಲ್ಲ. 1946ರ ಏಪ್ರಿಲ್ 16ರಂದು ಅವರು ತೀರಿಕೊಂಡರು. ಬಳ್ಳಾರಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ. ರುಸ್ತುಮನನ್ನು ಕಂಡ ಕಣ್ಣುಗಳು ಇಂದು ಉಳಿದಿಲ್ಲ. ಆ ಪಾತ್ರವನ್ನು ಯಾವ ಚಲಚ್ಚಿತ್ರವೂ ಹಿಡಿದಿಡಲಿಲ್ಲ. ಸಾಮ್ರಾಟರನ್ನೂ ರಾಕ್ಷಸರನ್ನೂ ಆಡಿದ ನಟನನ್ನು ನಾವು ಚಿತ್ರದಲ್ಲಿ ನೆನೆಯಬೇಕಾದದ್ದು ಸಾಲಕ್ಕೆ ಸಿಕ್ಕ ಆ ರೈತನಾಗಿ, ಶಾವುಕಾರನ ಎದುರಿಗೆ ತಲೆ ತಗ್ಗಿಸಿ ನಿಂತವನಾಗಿ.