ಹೆಸರು ನಮ್ಮವರದು, ಕೈ ಕಳ್ಳನದು

(ಅಮೀರ್‌ಪೇಟ್‌ನಲ್ಲಿ ಹೋಟೆಲ್ ಮತ್ತು ಕಾರ್ಖಾನೆ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿದವರೂ, ಬೆಳಗಿನ ಇಡ್ಲಿ ಪಾತ್ರೆ ಇಳಿಸಿ ಬಂದವರೂ ನಿದ್ದೆ ಬಿಟ್ಟು ಇಲ್ಲಿ ಕುಳಿತಿದ್ದೀರಿ. ಆದುದರಿಂದ ಪೀಠಿಕೆ ಬೆಳೆಸುವುದಿಲ್ಲ. ನಮ್ಮ ಪರಿಚಯದವರ ಹೆಸರನ್ನೂ ಮುಖವನ್ನೂ ಕದ್ದು, ಫೇಸ್‌ಬುಕ್ಕಿನಲ್ಲಿ, ವಾಟ್ಸಾಪಿನಲ್ಲಿ ಬಂದು ಹಣ ಕೇಳುವ ಕಳ್ಳರ ವಿಚಾರ ಇಂದಿನ ಮಾತು.

ಮೋಸ ಹೋಗುವವರು ಓದುಬರಹ ಬಾರದವರು ಎಂದು ಯಾರೂ ತಿಳಿಯಬೇಡಿರಿ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಈ ಹೈದರಾಬಾದಿನ ಪೊಲೀಸ್ ಕಮಿಷನರಾಗಿ ಬಂದ ವಿ. ಸಿ. ಸಜ್ಜನರ್ ಅವರು ನಮ್ಮ ಹುಬ್ಬಳ್ಳಿಯವರು. ಅದೇ ನವೆಂಬರಿನಲ್ಲಿ ಅವರದೇ ಹೆಸರಿನ ಕಳ್ಳ ಫೇಸ್‌ಬುಕ್ ಖಾತೆಗಳು ಹುಟ್ಟಿಕೊಂಡವು. ಕಷ್ಟದಲ್ಲಿದ್ದೇನೆ, ಹಣ ಕಳಿಸಿರಿ ಎಂದು ಅವರ ಸ್ನೇಹಿತರಿಗೆ ಸಂದೇಶ ಹೋಯಿತು. ಒಬ್ಬರು ನಂಬಿ 20,000 ರೂಪಾಯಿ ಕಳಿಸಿಯೂಬಿಟ್ಟರು. ಇದನ್ನು ಸಜ್ಜನರ್ ಅವರೇ ಬಹಿರಂಗವಾಗಿ ಹೇಳಿ ಜನರನ್ನು ಎಚ್ಚರಿಸಿದರು. ಊರಿನ ಪೊಲೀಸರ ಯಜಮಾನನ ಹೆಸರಿಗೇ ಈ ಗತಿಯಾದರೆ ನಮ್ಮ ನಿಮ್ಮ ಪಾಡೇನು?

ಅದಕ್ಕೂ ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ನಟ ಉಪೇಂದ್ರ ಅವರ ಮನೆಯಲ್ಲಿ ನಡೆದದ್ದೂ ನಿಮಗೆ ಗೊತ್ತು. ತರಿಸಿದ ಸಾಮಾನು ತಲುಪಿಸುವ ನೆಪದಲ್ಲಿ ಅವರ ಪತ್ನಿ ಪ್ರಿಯಾಂಕಾ ಅವರಿಗೆ ಕರೆ ಬಂತು. ಒಂದು ಸಂಖ್ಯೆ ಒತ್ತಿರಿ ಎಂದರು. ಒತ್ತಿದ ಮೇಲೆ ವಾಟ್ಸಾಪ್ ಕೈತಪ್ಪಿತು. ಪರಿಚಯದವರಿಗೆಲ್ಲ ಹಣ ಕೇಳುವ ಸಂದೇಶ ಹೊರಟಿತು. ಕಳಿಸಿದವರಲ್ಲಿ ಅವರ ಮಗನೂ ಒಬ್ಬ. ತಾಯಿ ಕೇಳಿದರೆ ಯಾವ ಮಗ ಲೆಕ್ಕ ಹಾಕುತ್ತಾನೆ? ಕಳ್ಳನ ಬಂಡವಾಳ ನಮ್ಮ ದಡ್ಡತನವಲ್ಲ, ನಮ್ಮ ಕಕ್ಕುಲಾತಿ.

ಹಿಂದೆ ನಮ್ಮ ಹಿರಿಯರು ಊರಿಗೆ ಮನಿಯಾರ್ಡರ್ ಮಾಡುತ್ತಿದ್ದರು. ಅಂಚೆಯವನು ಮನೆ ಬಾಗಿಲಿಗೆ ಹೋಗಿ, ಮುಖ ನೋಡಿ, ರುಜು ಹಾಕಿಸಿಕೊಂಡು, ರುಜು ಬಾರದಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಎಣಿಸುತ್ತಿದ್ದ. ತಡವಾಗುತ್ತಿತ್ತು, ನಿಜ. ಈಗ ಗಲ್ಲಾದ ಪಕ್ಕ ನಿಂತು ಬೆರಳು ಒತ್ತಿದರೆ ಕ್ಷಣದಲ್ಲಿ ಹಣ ಹೋಗುತ್ತದೆ. ಮುಖ ನೋಡುವ ಅಂಚೆಯವನು ಮಾತ್ರ ನಡುವೆ ಇಲ್ಲ. ಆ ಕೆಲಸ ನಾವೇ ಮಾಡಬೇಕು.

ಹೇಗೆ ಎಂದರೆ, ಹಣ ಕೇಳಿದವನಿಗೆ ನಿಮ್ಮಲ್ಲಿ ಮೊದಲಿನಿಂದಿರುವ ನಂಬರಿಗೆ ಕರೆಮಾಡಿ ದನಿ ಕೇಳಿರಿ. ಸಂದೇಶದಲ್ಲಿ ಕೊಟ್ಟ ಹೊಸ ನಂಬರಿಗಲ್ಲ. ಈಗ ದನಿಯನ್ನೂ ಯಂತ್ರದಿಂದ ನಕಲು ಮಾಡುವವರಿದ್ದಾರೆ. ಅನುಮಾನವಿದ್ದರೆ ಮನೆಯವರಿಗಷ್ಟೇ ಗೊತ್ತಿರುವ ಸಂಗತಿಯೊಂದನ್ನು ಕೇಳಿರಿ: ಊರಿನ ಬಾವಿ ಯಾವ ದಿಕ್ಕಿಗಿದೆ, ಎಮ್ಮೆಯ ಹೆಸರೇನು ಎಂದು. "ಮೀಟಿಂಗಿನಲ್ಲಿದ್ದೇನೆ, ಮಾತಾಡಲಾಗದು, ಬೇಗ ಕಳಿಸು" ಎಂದರೆ ಅಲ್ಲೇ ನಿಲ್ಲಿರಿ. ಹಣ ಒತ್ತುವ ಮುನ್ನ ತೆರೆಯ ಮೇಲೆ ಬರುವ ಹೆಸರು ನೋಡಿರಿ. ಬ್ಯಾಂಕಿನಲ್ಲಿರುವ ಹೆಸರನ್ನೇ ತೋರಿಸಬೇಕೆಂದು 2025ರ ಮಧ್ಯದಿಂದ ಯುಪಿಐ ಆಪ್‌ಗಳಿಗೆ ನಿಯಮವಿದೆ. ಕೇಳಿದವನು ನಮ್ಮ ಕುಂದಾಪುರದ ಭಟ್ಟರು, ತೆರೆಯ ಮೇಲೆ ಕಂಡರಿಯದ ಯಾವನದೋ ಹೆಸರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇನ್ನೊಂದು ಕಥೆ ಬಹಳ ಓಡಾಡುತ್ತಿದೆ. ನಿಮ್ಮ ಸ್ನೇಹಿತನ ಹೆಸರಿನ ಖಾತೆಯಿಂದ, "ನನ್ನ ಪರಿಚಯದ ಸಿ.ಆರ್.ಪಿ.ಎಫ್. ಅಧಿಕಾರಿಗೆ ವರ್ಗವಾಗಿದೆ, ಸೋಫಾ, ಮಂಚ, ಫ್ರಿಜ್ ಅಗ್ಗಕ್ಕೆ ಮಾರುತ್ತಾನೆ" ಎಂದು ಬರುತ್ತದೆ. ಅಧಿಕಾರಿಯೂ ಇಲ್ಲ, ಮಂಚವೂ ಇಲ್ಲ. ಮತ್ತು ಈ ಅಮೀರ್‌ಪೇಟ್ ಎಂದರೆ ಕೆಲಸ ಹುಡುಕುವವರ ಪೇಟೆ. ಮೈತ್ರೀವನದ ಸುತ್ತ ಕೋಚಿಂಗ್ ಬೋರ್ಡುಗಳಿಗೆ ಲೆಕ್ಕವಿಲ್ಲ. ದೊಡ್ಡ ಹೋಟೆಲಿನ ಹೆಸರು, ಚಿಹ್ನೆ ಹಾಕಿಕೊಂಡು, ದುಬೈಗೆ ಅಡುಗೆಯವರು ಬೇಕು, ಮೊದಲು ಫೀಸು ಕಟ್ಟಿರಿ ಎಂದರೆ ಕಟ್ಟಬೇಡಿರಿ. ಹೊರದೇಶಕ್ಕೆ ಜನ ಕಳಿಸುವ ಏಜೆಂಟನು ಸರ್ಕಾರದಲ್ಲಿ ನೋಂದಾಯಿಸಿರಬೇಕು. ಆ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ.

ಇಷ್ಟಾದರೂ ಹಣ ಹೋಯಿತೆನ್ನಿ. ಆಗ ನಮ್ಮವರು ಮಾಡುವುದೇನು? ಮೇಸ್ತ್ರಿ ನಕ್ಕಾನು, ಮನೆಯಲ್ಲಿ ಬೈದಾರು ಎಂದು ಎರಡು ದಿನ ಬಾಯಿ ಮುಚ್ಚಿಕೊಂಡಿರುತ್ತಾರೆ. ಆ ಎರಡು ದಿನವೇ ಕಳ್ಳನಿಗೆ ಬೇಕಾದದ್ದು. ಒಡನೆ 1930ಕ್ಕೆ ಕರೆಮಾಡಿರಿ. ದೂರು ಬಂದೊಡನೆ ಹಣ ಸೇರಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಕಳ್ಳನಾದರೋ ಒಂದು ಖಾತೆಯಿಂದ ಐದಾರಕ್ಕೆ ಹಂಚಿ, ಎ.ಟಿ.ಎಂ.ನಲ್ಲಿ ತೆಗೆಯಲು ಓಡುತ್ತಿರುತ್ತಾನೆ. ಇದು ಓಟದ ಪಂದ್ಯ. ಪಾಳಿ ಮುಗಿಯಲಿ ಎಂದು ಕಾಯಬೇಡಿರಿ. ಐದು ನಿಮಿಷ ಬಿಡುವು ಕೇಳಿದರೆ ಯಾವ ಧಣಿಯೂ ಬೇಡವೆನ್ನಬಾರದು, ಎಂದರೆ ಸಂಘಕ್ಕೆ ತಿಳಿಸಿರಿ.

ಯುಪಿಐ ವ್ಯವಹಾರದ ಹನ್ನೆರಡು ಅಂಕಿಯ ನಂಬರು, ಹಣ ಹೋದ ಹೊತ್ತು, ಮೊತ್ತ ಕೈಯಲ್ಲಿರಲಿ. ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಬೇಡಿರಿ. ಸ್ಕ್ರೀನ್‌ಶಾಟ್ ತೆಗೆದು, ಕಳ್ಳ ಖಾತೆಯ ಲಿಂಕನ್ನೂ ಇಟ್ಟುಕೊಳ್ಳಿರಿ. ಒಂದೇ ಹೆಸರಿನ ಖಾತೆ ನೂರಿರಬಹುದು, ಲಿಂಕು ಒಂದೇ. ಅನಂತರ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಪೂರ್ಣ ದೂರು. ತೆಲುಗು ಬಾರದಿದ್ದರೆ ಬಲ್ಲ ಜೊತೆಗಾರನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಹಣ ಹೋಗದೆ ಬರೀ ಕರೆ, ಸಂದೇಶ ಬಂದಿದ್ದರೆ ಸಂಚಾರ್ ಸಾಥಿಯ ಚಕ್ಷು ವಿಭಾಗದಲ್ಲಿ ತಿಳಿಸಬಹುದು. ಕಂಪ್ಯೂಟರ್, ಫೋನುಗಳ ಮೂಲಕ ಬೇರೊಬ್ಬನಂತೆ ನಟಿಸಿ ವಂಚಿಸಿದವನಿಗೆ ಐ.ಟಿ. ಕಾಯಿದೆಯ 66ಡಿ ಕಲಮಿನಂತೆ ಮೂರು ವರ್ಷದವರೆಗೆ ಸಜೆಯಿದೆ.

ಕಳ್ಳ ಖಾತೆಯನ್ನು ಫೇಸ್‌ಬುಕ್ಕಿಗೂ ತಿಳಿಸಬೇಕು: ಆ ಖಾತೆ ತೆರೆದು, ಮೂರು ಚುಕ್ಕಿ ಒತ್ತಿ, ರಿಪೋರ್ಟ್ ಎಂಬಲ್ಲಿ ಹೋಗಿ, ಬೇರೊಬ್ಬರಂತೆ ನಟಿಸುತ್ತಿದೆ ಎಂಬುದನ್ನು ಆರಿಸಿರಿ. ಮೋಸವಾದವನೊಬ್ಬನೇ ಅಲ್ಲ, ಅಡುಗೆಮನೆಯವರೆಲ್ಲ ಸೇರಿ ತಿಳಿಸಿರಿ. ವಾಟ್ಸಾಪೇ ಕೈತಪ್ಪಿದರೆ ನಿಮ್ಮ ನಂಬರಿನಿಂದ ಮತ್ತೆ ನೋಂದಾಯಿಸಿರಿ, ಕಳ್ಳ ಹೊರಬೀಳುತ್ತಾನೆ. ಕರೆಗಳು ಬೇರೆಡೆಗೆ ತಿರುಗಿವೆ ಎಂಬ ಅನುಮಾನವಿದ್ದರೆ ಮೊದಲು ಎರಡು ಹ್ಯಾಷ್, 002, ಮತ್ತೊಂದು ಹ್ಯಾಷ್ ಒತ್ತಿ ಕರೆಮಾಡಿರಿ, ರದ್ದಾಗುತ್ತದೆ. ಹೋದ ಹಣ ಬಿಡಿಸಿಕೊಡುತ್ತೇನೆ, ಫೀಸು ಕೊಡು ಎಂದು ಬರುವ 'ಸೈಬರ್ ಪೊಲೀಸ'ನೂ ಅದೇ ಜಾತಿಯ ಕಳ್ಳ.

ಕಹಿಯಾದ ಮಾತೊಂದಿದೆ. ಕದ್ದ ಹಣ ಇಳಿಯಲು ಖಾತೆ ಬೇಕಲ್ಲ? ಅದು ಬಡವನ ಖಾತೆ. ಎರಡು ಮೂರು ಸಾವಿರ ಕೊಡುತ್ತೇವೆ, ನಿನ್ನ ಪಾಸ್‌ಬುಕ್, ಎ.ಟಿ.ಎಂ. ಕಾರ್ಡು, ಸಿಮ್ಮು ಕೊಡು ಎಂದು ರೂಮುಗಳಿಗೆ ಬರುವವರಿದ್ದಾರೆ. ಕೊಟ್ಟರೆ ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ನಿಮ್ಮ ಸಂಬಳವೂ ಆ ಖಾತೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅತ್ತ ಮೋಸ ಹೋದವನು ಬೇರೊಂದು ಹೋಟೆಲಿನ ಮಾಣಿಯೇ ಆಗಿರಬಹುದು.

ಈಗ ಎಲ್ಲರೂ ಫೋನು ಹೊರಗೆ ತೆಗೆಯಿರಿ. ಫೇಸ್‌ಬುಕ್ಕಿನ ಗೆಳೆಯರ ಪಟ್ಟಿ ಹೊರಗಿನವರಿಗೆ ಕಾಣದಂತೆ ಮುಚ್ಚುವುದು, ವಾಟ್ಸಾಪಿಗೆ ಆರು ಅಂಕಿಯ ಪಿನ್ ಹಾಕುವುದು, ಇವೆರಡನ್ನು ಇಲ್ಲೇ ಮಾಡಿಬಿಡೋಣ. ಬಾರದವರು ಮುಂದಿನ ಬೆಂಚಿಗೆ ಬನ್ನಿರಿ, ನಾವು ತೋರಿಸಿಕೊಡುತ್ತೇವೆ. ಪಿನ್ನನ್ನು ಮಾತ್ರ ನಮಗೂ ಹೇಳಬೇಡಿರಿ.