ಪ್ರಿಂಟರಿನ ಹೊಟ್ಟೆಯಲ್ಲಿ ಕನ್ನಡ ಎಲ್ಲಿತ್ತು?

(ಸಂಜಯನಗರದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಓದಿ ಇಲ್ಲೇ ಪ್ರೆಸ್ ನಡೆಸುತ್ತಿರುವವನು. ಇಂಕು, ಕಾಗದದ ಮಾತನ್ನೇ ಆಡುತ್ತೇನೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಇದೆಯೇ ಎಂದು ನೀವು ಬೀದಿ ಬೀದಿ ನೋಡುತ್ತೀರಿ, ಒಳ್ಳೆಯದು. ಪ್ರಿಂಟರಿನ ಒಳಗೆ ಕನ್ನಡ ಇದೆಯೇ ಎಂದು ಯಾರಾದರೂ ನೋಡಿದ್ದೀರಾ?

ತೆರೆಯ ಮೇಲೆ ಕಾಣುವ ಅಕ್ಷರವೇ ಕಾಗದಕ್ಕೆ ಬೀಳುತ್ತದೆ ಎಂದು ನಂಬಬೇಡಿ. ತೆರೆಯ ಅಕ್ಷರ ಕಂಪ್ಯೂಟರಿನ ಫಾಂಟಿನಿಂದ ಬರುತ್ತದೆ. ಕಾಗದದ್ದು ಪ್ರಿಂಟರಿನೊಳಗೇ ಇರುವ ಫಾಂಟಿನಿಂದಲೂ ಬರಬಹುದು. 1985ರಲ್ಲಿ ಆಪಲ್ ಕಂಪನಿಯ ಲೇಸರ್‌ರೈಟರ್ ಬಂದಾಗ ಟೈಮ್ಸ್, ಹೆಲ್ವೆಟಿಕಾ, ಕೊರಿಯರ್, ಸಿಂಬಲ್ ಅದರೊಳಗೇ ಕೂತಿದ್ದವು. ಮರುವರ್ಷದ ಲೇಸರ್‌ರೈಟರ್ ಪ್ಲಸ್‌ನಲ್ಲಿ 35 ಫಾಂಟು. ಒಂದೂ ಕನ್ನಡದ್ದಲ್ಲ. 1992ರ ವಿಂಡೋಸ್ 3.1ರ ಜೊತೆ ಏರಿಯಲ್ ಬಂತು. ಅದರ ಅಕ್ಷರಗಳ ಅಗಲವನ್ನು ಹೆಲ್ವೆಟಿಕಾದ ಅಗಲಕ್ಕೆ ಹೊಂದಿಸಿದ್ದರು. ಹಾಗಾಗಿ ತೆರೆಯಲ್ಲಿ ಏರಿಯಲ್ ಇಟ್ಟು ಪ್ರಿಂಟರಿನ ಹೆಲ್ವೆಟಿಕಾದಲ್ಲಿ ತೆಗೆದರೂ ಸಾಲು ಅಲ್ಲಲ್ಲೇ ಮುರಿಯುತ್ತಿತ್ತು. ಇಂಗ್ಲಿಷಿಗೆ ಎಷ್ಟು ಉಪಚಾರ ನೋಡಿ!

ಕನ್ನಡಕ್ಕೇನು? ಸಾಮಾನ್ಯ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಇಂಗ್ಲಿಷು ಪಟಪಟನೆ ಓಡುತ್ತಿತ್ತು. ಕನ್ನಡ ಮಾತ್ರ ಚಿತ್ರವಾಗಿ, ಚುಕ್ಕೆ ಚುಕ್ಕೆಯಾಗಿ ತೆವಳಬೇಕಿತ್ತು. ಲೇಸರ್ ಬಂದ ಮೇಲೂ ಕನ್ನಡ ತನ್ನ ಗಂಟುಮೂಟೆ ತಾನೇ ಹೊತ್ತು ಹೋಗಬೇಕು, ಅಂದರೆ ಕೆಲಸದ ಜೊತೆ ಫಾಂಟನ್ನೂ ಪ್ರಿಂಟರಿಗೆ ಕಳಿಸಬೇಕು.

ಇದಕ್ಕಿಂತ ದೊಡ್ಡ ತಲೆನೋವು ಹಳೆಯ ಫಾಂಟುಗಳದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಅವು. ನುಡಿಯ ಜೋಡಣೆ ಒಂದು, ಶ್ರೀಲಿಪಿಯದು ಇನ್ನೊಂದು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡವೇ ಮಾಯ, ಬರೀ ಇಂಗ್ಲಿಷ್ ಕಸ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂತು. ಆದರೆ ಅನೇಕ ಪ್ರೆಸ್ಸುಗಳು ಹಿಡಿದುಕೊಂಡ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಅರ್ಥವಾಗುವುದಿಲ್ಲ. ನೀವು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಹಳೆಯ ಫಾಂಟಿಗೆ ಪರಿವರ್ತಿಸಲೇಬೇಕು. ಎಡವಟ್ಟು ಆಗುವುದು ಅಲ್ಲಿ.

ಅರ್ಕಾವತ್ತನ್ನೇ ತೆಗೆದುಕೊಳ್ಳಿ. ‘ಕರ್ನಾಟಕ’ ಎಂಬಲ್ಲಿ ಕಣ್ಣಿಗೆ ಮೊದಲು ಕಾಣುವುದು ‘ನಾ’, ಅರ್ಕಾವತ್ತು ಅದರ ಬಲಕ್ಕೆ. ಯೂನಿಕೋಡಿನಲ್ಲಿ ಮೊದಲು ಇರುವುದು ‘ರ್’, ಆಮೇಲೆ ‘ನಾ’. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಂಡ ಕ್ರಮವೇ ಕ್ರಮ. ಪರಿವರ್ತಕ ಕಳಪೆಯಾದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜೋತುಬೀಳುತ್ತದೆ. ನಮ್ಮ ನಾಡಿನ ಹೆಸರೇ ಕೆಡುತ್ತದೆ ಸ್ವಾಮಿ! ಮದುವೆ ಕಾಗದದಲ್ಲಿ ಐಶ್ವರ್ಯಳ ಹೆಸರು ಕೆಟ್ಟರೆ ಮನೆಯವರು ಬಿಡುತ್ತಾರೆಯೇ?

‘ಇಂಗ್ಲಿಷಿನಲ್ಲೇ ಹಾಕಿಸಿ, ತೊಂದರೆ ಇಲ್ಲ’ ಎನ್ನುವ ಡಿಟಿಪಿಯವರು ಇದ್ದಾರೆ. ಒಪ್ಪಬೇಡಿ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಫಾಂಟು ಒಳಗೇ ಸೇರಿಸಿದ ಪಿಡಿಎಫ್ ಕೊಡಿ. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಪಟ್ಟಿ ನೋಡಿದರೆ ಸೇರಿದೆಯೋ ಇಲ್ಲವೋ ಗೊತ್ತಾಗುತ್ತದೆ. ಪ್ರೂಫನ್ನು ಮೊಬೈಲಿನಲ್ಲಿ ನೋಡಿ ಹೂಂ ಎನ್ನಬೇಡಿ, ಕಾಗದದಲ್ಲೇ ಕೇಳಿ. ಮೊದಲು ಅರ್ಕಾವತ್ತು ನೋಡಿ, ಆಮೇಲೆ ಒತ್ತಕ್ಷರ, ಸಾಲಿನ ಕೊನೆ. ಎಲ್ಲ ಸರಿಯಿದ್ದರೆ ಮಾತ್ರ ಸಹಿ ಹಾಕಿ.