ಕಂಪನಿ ಡೇರೆಯಿಂದ ಕಪ್ಪತಗುಡ್ಡಕ್ಕೆ



ಊರ ನಡುವೆ ಒಂದು ದೊಡ್ಡ ತಕ್ಕಡಿ ಕಟ್ಟಿದ್ದಾರೆ. ಒಂದು ತಟ್ಟೆಯಲ್ಲಿ ಕಣ್ಣು ಕಾಣದ ಅಜ್ಜಾರು ಕೂತಿದ್ದಾರೆ. ಇನ್ನೊಂದು ತಟ್ಟೆಗೆ ಮಂದಿ ನಾಣ್ಯದ ಚೀಲ ಒಂದೊಂದಾಗಿ ಏರಿಸುತ್ತಿದ್ದಾರೆ. ಅಜ್ಜಾರ ತಟ್ಟೆ ನೆಲ ಬಿಟ್ಟು ಮೇಲೆದ್ದಾಗ ನೆರೆದವರೆಲ್ಲ ಕೈಮುಗಿಯುತ್ತಾರೆ. ಆ ಹಣ ಸೇರುವುದು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ. ಅಲ್ಲಿ ಸಂಗೀತ ಕಲಿಯುವ ಅಂಧ ಮಕ್ಕಳ, ತಂದೆ ತಾಯಿ ಇಲ್ಲದ ಮಕ್ಕಳ ಅನ್ನಕ್ಕೆ. ಪುಟ್ಟರಾಜ ಗವಾಯಿಗಳಿಗೆ ಇಂಥ ತುಲಾಭಾರ ಸಾವಿರಾರು ಸಲ ಆಯಿತು. ಬರಗಾಲದ ವರ್ಷದಲ್ಲೂ ಹಳ್ಳಿಗಳು ಅವರನ್ನು ಕರೆದು ಕೂರಿಸಿದವು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೀಮೆಯಲ್ಲಿ ಕಲೆ ಬರೀ ಕೂತು ನೋಡುವ ಸಂಗತಿಯಾಗಿ ಉಳಿಯಲಿಲ್ಲ. ನಾಟಕ ನೋಡಲು, ಪದ ಕೇಳಲು, ರೊಟ್ಟಿ ಹಂಚಿ ಉಣ್ಣಲು ಒಂದೆಡೆ ಸೇರಿದ ಇದೇ ಮಂದಿ ಭಾಷೆಗಾಗಿ, ಹೊಲಕ್ಕಾಗಿ, ಗುಡ್ಡಕ್ಕಾಗಿಯೂ ಸೇರಿದರು. ಈ ಹೊತ್ತು ಹೇಳಹೊರಟಿರುವುದು ಆ ಸೇರುವಿಕೆಯ ಕಥೆಯನ್ನು.

ಕನ್ನಡದ ಮಟ್ಟಿಗೆ ಈ ನೆಲದ ಹಿರಿತನ ಎಲ್ಲರಿಗೂ ಗೊತ್ತಿದೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗ ಎಣಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಆ ಪುಲಿಗೆರೆಯ ಕನ್ನಡವನ್ನೇ. ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಭಾರತ ಬರೆದ. ಹಳ್ಳಿಯ ಜನ ಅದನ್ನು ಇಂದಿಗೂ ಕರೆಯುವುದು ಗದುಗಿನ ಭಾರತವೆಂದೇ.

ಆದರೆ ರಂಗಭೂಮಿಯ ಕಥೆ ಶುರುವಾಗುವುದು ಒಂದು ಕೊರಗಿನಿಂದ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯಿಂದ ಯಕ್ಷಗಾನದ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ಕಂಡ ವಿಷ್ಣುದಾಸ ಭಾವೆ ಮರುವರ್ಷವೇ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ಕಣ್ಣುಬಿಟ್ಟಿತು. ಮುಂದಿನ ಮೂರು ದಶಕದಲ್ಲಿ ಮರಾಠಿ ಕಂಪನಿಗಳು ಧಾರವಾಡ, ಹುಬ್ಬಳ್ಳಿ, ಗದಗಿನ ಪೇಟೆಗಳನ್ನು ತುಂಬಿಕೊಂಡವು. ಕನ್ನಡ ಮೇಳದಿಂದ ಹೊತ್ತಿದ ದೀಪ ಬೇರೆ ಭಾಷೆಯಲ್ಲಿ ಬೆಳಗುತ್ತಿತ್ತು, ಕನ್ನಡಿಗರು ಅದಕ್ಕೇ ಟಿಕೀಟು ಕೊಳ್ಳುತ್ತಿದ್ದರು.

ಅದನ್ನು ಸಹಿಸದವರು ಸಕ್ಕರಿ ಬಾಳಾಚಾರ್ಯರು, ಶಾಂತಕವಿ. 1856ರಲ್ಲಿ ಹುಟ್ಟಿದವರು, ವೃತ್ತಿಯಿಂದ ಶಾಲಾ ಮಾಸ್ತರರು. 1870ರ ದಶಕದಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲೇ, ಗದಗಿನಲ್ಲಿ ಒಂದು ನಾಟಕ ಮಂಡಳಿ ಕಟ್ಟಿದರು. ಅದರ ಹೆಸರು ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ. ಕೃತಪುರ ಎಂದರೆ ಗದಗ. 'ಉಷಾಹರಣ'ವನ್ನು ತಾವೇ ಬರೆದು ಆಡಿಸಿದರು. ಉತ್ತರ ಕರ್ನಾಟಕದ ಕನ್ನಡ ವೃತ್ತಿರಂಗಭೂಮಿಗೆ ತಳಹದಿ ಬಿದ್ದದ್ದು ಹೀಗೆ. ಒಂದು ಭಾಷೆ ತನ್ನ ಮಾನ ಉಳಿಸಿಕೊಳ್ಳಲು ಆಡಿದ ನಾಟಕ ಅದು. ಹಾಗಾಗಿ ಈ ಸೀಮೆಯ ಮೊದಲ ಚಳವಳಿ ಯಾವುದೆಂದು ಯಾರಾದರೂ ಕೇಳಿದರೆ ಶಾಂತಕವಿಗಳ ರಂಗಮಂಚವನ್ನೇ ತೋರಿಸಬೇಕು.

ಆಮೇಲೆ ಕಂಪನಿಗಳ ಕಾಲ ಬಂತು. ಗರುಡ ಸದಾಶಿವರಾಯರು ದತ್ತಾತ್ರೇಯ ನಾಟಕ ಮಂಡಳಿ ಕಟ್ಟಿ ಗದಗಿನ ಹೆಸರನ್ನು ನಾಡಿನ ತುಂಬ ಒಯ್ದರು. ಶಿರಹಟ್ಟಿಯಲ್ಲಿ ವೆಂಕೋಬರಾಯರ ಕಂಪನಿ ಎದ್ದಿತು. ಆಗ ಈ ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ ಮುಂಬಯಿ ಸರ್ಕಾರದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಣಕ್ಕೆ ನಡೆದರೆ ನಿಜಾಮರ ಕೊಪ್ಪಳ, ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ. ಇಷ್ಟು ಗಡಿಗಳ ನಡುವೆ ಡೇರೆ, ಪರದೆ, ಪೆಟ್ಟಿಗೆ ಹೇರಿಕೊಂಡ ಚಕ್ಕಡಿಗಳು ಓಡಾಡಿದವು. ಸುಗ್ಗಿ ಮುಗಿದು ಜಾತ್ರೆ ಕೂಡುವ ಹೊತ್ತಿಗೆ ಡೇರೆ ಏಳುತ್ತಿತ್ತು. ಸುತ್ತಲ ಹಳ್ಳಿಯವರು ಬುತ್ತಿ ಕಟ್ಟಿಕೊಂಡು, ಚಕ್ಕಡಿಯಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಬರುತ್ತಿದ್ದರು. ಗ್ಯಾಸ್‌ಲೈಟಿನ ಬೆಳಕು, ಕಾಲುಪೆಟ್ಟಿಗೆಯ ಸ್ವರ, ಮತ್ತೆ ಮತ್ತೆ 'ಒನ್ಸ್ ಮೋರ್'. ನಾಟಕಕ್ಕೆ ಮಂಗಳ ಹಾಡುವಷ್ಟರಲ್ಲಿ ಬೆಳಗಾಗುತ್ತಿತ್ತು. ಸಂಸ್ಥಾನ ಯಾವುದಾದರೇನು, ಡೇರೆಯೊಳಗಿನ ಮಾತು ಕನ್ನಡ.

ಇಲ್ಲಿ ಒಂದು ಹೆಸರಿನ ಬಳಿ ತುಸು ನಿಲ್ಲಬೇಕು. ಗಂಡಸರೇ ಸೀರೆಯುಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದ ಆ ದಿನಗಳಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರ ನಾಟಕ ಕಂಪನಿ ನಡೆಸಿದರು. ಒಬ್ಬ ಹೆಂಗಸು ಡೇರೆಯ ಖರ್ಚು, ನಟಿಯರ ಸಂಬಳ, ಊರೂರಿನ ಪರವಾನಗಿ ಎಲ್ಲವನ್ನೂ ಹೊತ್ತು ಕಂಪನಿ ನಡೆಸುವುದು ಸಣ್ಣ ಧೈರ್ಯವಲ್ಲ. ಮಹಾಪುರುಷರ ಪಟ್ಟಿ ಬರೆಯುವಾಗ ಅವರ ಹೆಸರು ಬಿಟ್ಟುಹೋಗುತ್ತದೆ. ಹಾಗೆ ಬಿಡುವುದು ಅನ್ಯಾಯ.

ನಾಟಕದ ಗಾಳಿ ವಕೀಲರ ಮನೆಗೂ ಬೀಸಿತು. ಗದಗಿನಲ್ಲಿ ವಕೀಲಿ ಮಾಡುತ್ತಿದ್ದ ಹುಯಿಲಗೋಳ ನಾರಾಯಣರಾಯರು ಹವ್ಯಾಸಿ ನಟರಿಗಾಗಿ ಒಂದರ ಹಿಂದೊಂದು ನಾಟಕ ಬರೆದರು. 'ಶಿಕ್ಷಣ ಸಂಭ್ರಮ'ದಂಥ ಸಾಮಾಜಿಕ ವಸ್ತುವನ್ನೂ ರಂಗಕ್ಕೆ ತಂದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ನಡೆದಾಗ ಅವರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡನ್ನು ಅಲ್ಲಿ ಹಾಡಲಾಯಿತು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಜನ ಒಂದು ನಾಡನ್ನು ಮೊದಲು ಹಾಡಿನಲ್ಲಿ ಕಂಡರು. ನಾಡು ನಿಜವಾಗಿ ಕೂಡಿಬರಲು 1956ರ ತನಕ ಕಾಯಬೇಕಾಯಿತು. ಆ ಏಕೀಕರಣಕ್ಕಾಗಿ ಮುಂಬಯಿ ಶಾಸನಸಭೆಯಲ್ಲಿ ದನಿ ಎತ್ತಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಜಕ್ಕಲಿ. ಅದೂ ಇಂದಿನ ಗದಗ ಜಿಲ್ಲೆಯದೇ.

ಕೂಡಿ ಬದುಕುವ ಬುದ್ಧಿ ರಂಗದ ಮೇಲೆ ಮಾತ್ರ ಇರಲಿಲ್ಲ. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. ದೇಶದ ಸಹಕಾರ ಚಳವಳಿ ತನ್ನ ಮೊದಲ ಹೆಜ್ಜೆಯನ್ನು ನೆನೆಯುವುದು ಈ ಊರಿನ ಹೆಸರಿನಲ್ಲಿ.

ಪುಣ್ಯಾಶ್ರಮದ ಹುಟ್ಟೂ ಇದೇ ಕಾಲದ್ದು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಆ ಹುಡುಗನ ಕಂಠ ಕೇಳಿ ಸಂಗೀತ ಕಲಿಯಲು ಹಚ್ಚಿದರು. ಕರ್ನಾಟಕಿ, ಹಿಂದುಸ್ತಾನಿ ಎರಡರಲ್ಲೂ ಪಳಗಿದ ಗವಾಯಿಗಳು ಹಾಡಿ ಗಳಿಸಿದ್ದನ್ನು ತಮಗಾಗಿ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಸಾಗುವ ಸಂಗೀತ ಶಾಲೆ ನಡೆಸಿದರು. ಕಡೆಗೆ ಗದಗಿನಲ್ಲಿ ಅದಕ್ಕೆ ನೆಲೆ ಸಿಕ್ಕಿತು. ಬಸವರಾಜ ರಾಜಗುರು ಅವರಂಥ ಗಾಯಕರು ಬೆಳೆದದ್ದು ಆ ಗುರುವಿನ ಮಡಿಲಲ್ಲಿ. 1944ರಲ್ಲಿ ಗುರು ತೀರಿಕೊಂಡಾಗ ಆಶ್ರಮದ ಭಾರ ಪುಟ್ಟರಾಜರ ಹೆಗಲಿಗೆ ಬಂತು. ಅವರಿಗೂ ಕಣ್ಣಿರಲಿಲ್ಲ. ಅವರು ಮಾಡಿದ್ದೇನು? ನಾಟಕ ಕಂಪನಿ ನಡೆಸಿದರು! 'ಹೇಮರಡ್ಡಿ ಮಲ್ಲಮ್ಮ' ನಾಟಕ ಬರೆದು ಊರೂರು ಆಡಿಸಿದರು. ಟಿಕೀಟಿನ ದುಡ್ಡು ಅಡುಗೆಮನೆಗೆ ಹೋಯಿತು. ಶಾಂತಕವಿ ಭಾಷೆಗಾಗಿ ಎತ್ತಿದ ಪರದೆಯನ್ನು ಪುಟ್ಟರಾಜರು ಹಸಿದ ಮಕ್ಕಳಿಗಾಗಿ ಎತ್ತಿದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅಜ್ಜಾರು ಲಿಂಗೈಕ್ಯರಾದರು. ಆಶ್ರಮದಲ್ಲಿ ಇಂದಿಗೂ ಜಾತಿ ಕೇಳುವುದಿಲ್ಲ, ಫೀಜು ಕೇಳುವುದಿಲ್ಲ.

ಶಿರಹಟ್ಟಿಗೆ ಹೋದರೆ ಫಕ್ಕೀರೇಶ್ವರ ಮಠವಿದೆ. ಮಠದ ಹೆಸರಿನಲ್ಲೇ ಫಕೀರನೂ ಈಶ್ವರನೂ ಕೂಡಿದ್ದಾರೆ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಗದ್ದುಗೆ ಅದು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, ಆದಿಲಶಾಹಿ ಕಾಲದ ಮಸೀದಿ, ದೂದನಾನಾ ದರ್ಗಾ ಎಲ್ಲವೂ ಒಂದೇ ಊರಿನಲ್ಲಿವೆ. ಮೊಹರಂ ಬಂತೆಂದರೆ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡುತ್ತಾರೆ. ಹೆಜ್ಜೆ ಮೇಳದವರು ಗೆಜ್ಜೆ ಕಟ್ಟಿ ರಿವಾಯತ್ ಪದ ಹಾಡುತ್ತ ಕುಣಿಯುತ್ತಾರೆ. ಹಾಡುವುದು ಕರ್ಬಲಾದ ಕಥೆ, ಹಾಡಿನ ಭಾಷೆ ಅಚ್ಚ ಕನ್ನಡ, ಹಾಡುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಒಂದೂ ಮನೆ ಮುಸಲ್ಮಾನರಿಲ್ಲದ ಊರಲ್ಲೂ ಈ ಹಬ್ಬ ನಡೆಯುವುದುಂಟು. ಭಾವೈಕ್ಯ ಎಂಬ ಪದ ಭಾಷಣಕ್ಕೆ ಬರುವ ಎಷ್ಟೋ ಮೊದಲು ಈ ಬಾಳ್ವೆ ಇಲ್ಲಿತ್ತು.

ಮುಂಡರಗಿ ತಾಲೂಕಿನ ಡಂಬಳದ ರೊಟ್ಟಿ ಜಾತ್ರೆಯನ್ನು ಕಣ್ಣಾರೆ ನೋಡಬೇಕು. ಮನೆಮನೆಯ ಹೆಂಗಸರು ಬಡಿದ ಜೋಳದ ಕಟಿರೊಟ್ಟಿ ರಾಶಿಯಾಗಿ ಬರುತ್ತದೆ. ಅಂಗೈಮೇಲೆ ರೊಟ್ಟಿ, ಅದರ ಮೇಲೆ ಬಜ್ಜಿಪಲ್ಯ, ಒಂದಿಷ್ಟು ಖಾರದ ಕರಿಂಡಿ. ತಾಟು ಇಲ್ಲ, ಪಂಕ್ತಿಭೇದ ಇಲ್ಲ. ಇದನ್ನು ಬೆಳೆಸಿದವರು ಗದಗ-ಡಂಬಳ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು. ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಯಲ್ಲಿ ಮುಂದೆ ನಿಂತದ್ದಕ್ಕೆ ಜನ ಅವರನ್ನು ಕನ್ನಡದ ಜಗದ್ಗುರು ಎಂದರು. ಪುಸ್ತಕ ಪ್ರಕಟಿಸುತ್ತಲೇ ಇದ್ದುದಕ್ಕೆ ಪುಸ್ತಕದ ಸ್ವಾಮೀಜಿ ಎಂದರು.

ಆ ಸ್ವಾಮಿಗಳೇ 2011ರಲ್ಲಿ ಅದೇ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ರೈತರ ಜೊತೆ ಬಂದು ಕೂತರು. ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಅಲ್ಲಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತೆಗೆಯುವ ಕಾರ್ಖಾನೆ ಹೂಡಲು ಬಂದಿತ್ತು. ಬಂಡವಾಳ 32,000 ಕೋಟಿ ರೂಪಾಯಿಗೂ ಮಿಗಿಲು. ಹೋಗಬೇಕಿದ್ದ ಹೊಲ ಮೂರು ಸಾವಿರ ಎಕರೆಗೂ ಹೆಚ್ಚು, ಜೋಳ, ಕಡಲೆ, ಹತ್ತಿ ಬೆಳೆವ ಎರೆಭೂಮಿ. ಜಾತ್ರೆಗೆ ಸೇರುವಂತೆ ಮಂದಿ ಸೇರಿದರು, ರೊಟ್ಟಿ ಕಟ್ಟಿಕೊಂಡು ಬಂದರು. ಜುಲೈ ತಿಂಗಳಲ್ಲೇ ಸರ್ಕಾರ ಭೂಸ್ವಾಧೀನ ನಿಲ್ಲಿಸಿತು. 2013ರಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು.

ಮುಂದಿನ ಹೋರಾಟ ಕಪ್ಪತಗುಡ್ಡದ್ದು. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಚಾಚಿಕೊಂಡ ಔಷಧಿ ಸಸ್ಯಗಳ ಗುಡ್ಡ. ಅದರ ಒಡಲಲ್ಲಿ ಚಿನ್ನವೂ ಇದೆ, ಕಬ್ಬಿಣದ ಅದಿರೂ ಇದೆ, ಹಾಗಾಗಿ ಗಣಿಯವರ ಕಣ್ಣು ಅದರ ಮೇಲಿತ್ತು. 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಪಟ್ಟ ಮರುವರ್ಷವೇ ರದ್ದಾಯಿತು. ತೋಂಟದ ಸ್ವಾಮಿಗಳು, ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು, ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು, ಸಾಹಿತಿಗಳು, ಕಲಾವಿದರು, ವಿದ್ಯಾರ್ಥಿಗಳು ಗದಗಿನಲ್ಲಿ ಧರಣಿ ಕೂತರು. 2017ರಲ್ಲಿ ಆ ಪಟ್ಟ ಮರಳಿ ಬಂತು. 2018ರ ಅಕ್ಟೋಬರಿನಲ್ಲಿ ತೋಂಟದ ಸ್ವಾಮಿಗಳು ಲಿಂಗೈಕ್ಯರಾದರು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರಿನಷ್ಟು ಗುಡ್ಡ ವನ್ಯಜೀವಿಧಾಮವೆಂದು ಘೋಷಣೆಯಾದಾಗ ನೋಡಲು ಅವರಿರಲಿಲ್ಲ.

ಕೇಳುಗರಲ್ಲಿ ಒಂದು ಮಾತು. ಹೋರಾಟದ ದಾಖಲೆ ಸರ್ಕಾರದ ಕಡತದಲ್ಲಿ ಉಳಿಯುತ್ತದೆ. ಬಚ್ಚಾಸಾನಿಯ ಡೇರೆಯ ಹ್ಯಾಂಡ್‌ಬಿಲ್ಲು, ಅಜ್ಜನ ಕೈಬರಹದ ನಾಟಕದ ಮಾತಿನ ವಹಿ, ಮೊಹರಂ ಪದ ಬರೆದಿಟ್ಟ ಹಳೆಯ ನೋಟುಬುಕ್ಕು ಹಾಗೆ ಉಳಿಯುವುದಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ ಅಂಥದ್ದೇನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಪದ ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಈ ವಾರವೇ ಅವರ ಮುಂದೆ ಕೂತು ಹಾಡಿಸಿ, ಮೊಬೈಲಿನಲ್ಲಿ ತುಂಬಿಸಿಟ್ಟುಕೊಳ್ಳಿ.